500 ರೂಪಾಯಿಯ ಓಬಿಡಿ ಡಾಂಗಲ್: ಯಾರ ಜೊತೆ ಮಾತಾಡುತ್ತದೆ, ಯಾರ ಜೊತೆ ಇಲ್ಲ

ಓಬಿಡಿ ಡಾಂಗಲ್ ಅಂದರೆ ಕಾರಿಗೆ ಚುಚ್ಚಿ, ಕಾರಿನ ಕಂಪ್ಯೂಟರ್ ಗುರುತಿಸಿದ ದೋಷಗಳನ್ನು ಫೋನಿನಲ್ಲಿ ಓದುವ ಸಣ್ಣ ಡಬ್ಬಿ. ಕೊಳ್ಳಬಹುದಾ ಅಂತ ಕೇಳಿದರೆ, ಕೊಳ್ಳಿ. ನಾನು ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಡಬ್ಬಿಯ ಮೇಲೆ ಅಚ್ಚು ಹಾಕಿದ ಸುಳ್ಳಿಗೆ. ಕಾರಿನ ಎಲ್ಲ ದೋಷವನ್ನೂ ಹಿಡಿಯುತ್ತದೆ ಅಂತ ಅಲ್ಲಿ ಬರೆದಿದ್ದಾರೆ. ಹಿಡಿಯುವುದಿಲ್ಲ. ಹಿಡಿಯುವುದು ಎಂಜಿನ್ ಕಂಪ್ಯೂಟರ್ ಹೇಳಿದ್ದನ್ನು ಮಾತ್ರ. ಅಷ್ಟು ಗೊತ್ತಿಟ್ಟುಕೊಂಡು ಬಳಸಿದರೆ ಈ ದುಡ್ಡಿಗೆ ಇದಕ್ಕಿಂತ ಉಪಯೋಗದ ವಸ್ತು ಕಾರಿನೊಳಗೆ ಇನ್ನೊಂದಿಲ್ಲ.

ವಸ್ತು ಇಷ್ಟೇ: ಅಂಗೈಯಲ್ಲಿ ಮುಚ್ಚಿಹೋಗುವ ನೀಲಿ ಪ್ಲಾಸ್ಟಿಕ್ ಡಬ್ಬಿ, ಮೇಲೆ ಇಎಲ್‌ಎಂ327 ಅಂತ ಸ್ಟಿಕರ್ (ಒಳಗಿನ ಚಿಪ್ಪಿನ ಹೆಸರು), ಹಿಂದೆ 16 ಪಿನ್. ಸ್ಟೇರಿಂಗ್ ಕೆಳಗೆ, ಬಾನೆಟ್ ತೆಗೆಯುವ ಹಿಡಿಕೆಯ ಹತ್ತಿರ ಒಂದು ಕಡೆ ಅಗಲ, ಒಂದು ಕಡೆ ಕಿರಿದಾದ ಪೋರ್ಟ್ ಇರುತ್ತದೆ, ಅದಕ್ಕೆ ಚುಚ್ಚಬೇಕು. ಕೀ ಆನ್ ಮಾಡಿ, ಫೋನಿನ ಬ್ಲೂಟೂತ್‌ನಲ್ಲಿ ಹುಡುಕಿ, ಪಿನ್ ಕೇಳಿದರೆ 1234 ಅಥವಾ 0000 ಹೊಡೆಯಿರಿ. ಆಮೇಲೆ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಅನ್ನುವ ಆ್ಯಪ್ ಹಾಕಿಕೊಂಡರೆ ಆಯಿತು. ನಮ್ಮಲ್ಲಿ ಬಿಎಸ್-4 ಕಾರುಗಳಿಗೆ ಓಬಿಡಿ-2 (ಎಲ್ಲ ಕಂಪನಿಗೂ ಒಂದೇ ಭಾಷೆಯಲ್ಲಿ ದೋಷ ಹೇಳುವ ಪದ್ಧತಿ) ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ಗಾಡಿಯವರು ಪೋರ್ಟ್ ಇದೆ ಅಂತ ಹಿಗ್ಗಬೇಡಿ. 16 ಪಿನ್ನಿನ ಬಾಯಿ ಇದ್ದೂ ಒಳಗೆ ಕಂಪನಿಯದೇ ಬೇರೆ ಭಾಷೆ ಇರುವ ಗಾಡಿಗಳಿವೆ, ಅಲ್ಲಿ ಇದು ಸುಮ್ಮನೆ ಮಿಣುಕುತ್ತ ಕೂರುತ್ತದೆ. ನನ್ನದು 2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮೊದಲ ಸಲಕ್ಕೇ ಜೋಡಣೆ ಆಯಿತು.

ಡಾಂಗಲ್‌ನ ನಿಜವಾದ ಬೆಲೆ ಗೊತ್ತಾದದ್ದು ಕಳೆದ ಮಳೆಗಾಲದಲ್ಲಿ. ನಾನು ಇರುವುದು ಧಾರವಾಡದ ಸಪ್ತಾಪುರದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ಚಿಗರಿ ಬಸ್ಸಿದೆ, ಆದರೆ ಸಂಜೆ ಅಮ್ಮನ ಔಷಧಿ, ಸಂತೆ ಎಲ್ಲ ಮುಗಿಸಿಕೊಂಡು ಬರಲು ಕಾರೇ ಬೇಕು. ನಮ್ಮ ಕಡೆ ಜಿಟಿಜಿಟಿ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ, ಗಾಡಿ ನಿಲ್ಲುವುದು ಮನೆಯ ಮುಂದಿನ ಹೊಂಗೆ ಮರದ ಕೆಳಗೆ. ಒಂದು ಬೆಳಿಗ್ಗೆ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಗಾಡಿ ಚಾಲೂ ಆಗುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಚಾಲೂ. ಮರುದಿನ ಮತ್ತೆ ಅದೇ ಕಥೆ. ಚೆಕ್ ಎಂಜಿನ್ ಲೈಟು ಹಳದಿಯಾಗಿ ಉರಿಯುತ್ತಲೇ ಇತ್ತು.

ಒಂದು ದೊಡ್ಡ ವರ್ಕ್‌ಶಾಪಿನವರು ಅರ್ಧ ದಿನ ಇಟ್ಟುಕೊಂಡು ‘ಇಸಿಎಂ ಹೋಗಿದೆ ಮೇಡಂ, 30,000 ದಾಟುತ್ತದೆ, ಆರ್ಡರ್ ಹಾಕಬೇಕು’ ಅಂದರು. ಇಸಿಎಂ ಅಂದರೆ ಎಂಜಿನ್ ಕಂಟ್ರೋಲ್ ಮಾಡ್ಯೂಲ್. ಪೆಟ್ರೋಲ್ ಎಷ್ಟು ಬಿಡಬೇಕು, ಸ್ಪಾರ್ಕ್ ಯಾವಾಗ ಕೊಡಬೇಕು ಅಂತ ನಿರ್ಧರಿಸುವ ಪೆಟ್ಟಿಗೆ. ಅದು ಗಾಡಿಯಲ್ಲಿ ಎಲ್ಲಿದೆ, ತೋರಿಸಿ ಅಂದೆ. ಸರ್ವಿಸ್ ಅಡ್ವೈಸರ್ ಬಾನೆಟ್ ಕಡೆ ಕೈ ಮಾಡಿದರು, ಆಮೇಲೆ ಡ್ಯಾಶ್‌ಬೋರ್ಡ್ ಕಡೆ ಕೈ ಮಾಡಿದರು. ಎಲ್ಲಿದೆ ಅಂತಲೇ ಗೊತ್ತಿಲ್ಲದವರು ಅದು ಕೆಟ್ಟಿದೆ ಅಂತ ಹೇಗೆ ಹೇಳಿದರೋ! ಗಾಡಿ ವಾಪಸ್ ತಂದೆ.

ಮನೆಯ ಮುಂದೆ ಡಾಂಗಲ್ ಹಾಕಿ ನೋಡಿದರೆ ಒಂದೇ ಕೋಡ್ (ದೋಷದ ಸಂಕೇತ), ಪಿ0335. ಮೊದಲ ಅಕ್ಷರ ಪಿ ಇದ್ದರೆ ಎಂಜಿನ್-ಗೇರ್‌ಬಾಕ್ಸ್ ಕಡೆಯದು, ಬಿ ಬಾಡಿ, ಸಿ ಬ್ರೇಕ್-ಸ್ಟೇರಿಂಗ್ ಕಡೆಯ ಚಾಸಿಸ್, ಯು ಅಂದರೆ ಮಾಡ್ಯೂಲ್‌ಗಳ ನಡುವಿನ ಸಂಪರ್ಕ. ಅದರ ಮುಂದಿನ ಅಂಕಿ 0 ಆದರೆ ಎಲ್ಲ ಕಂಪನಿಗೂ ಒಂದೇ ಅರ್ಥ, 1 ಆದರೆ ಆ ಕಂಪನಿಯ ಸ್ವಂತದ್ದು. ಪಿ0335 ಹೇಳುವುದು ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಲೈನಿನಲ್ಲಿ ತೊಂದರೆ ಇದೆ ಅಂತ. ಸೆನ್ಸರೇ ಹೋಗಿದೆ ಅಂತ ಅಲ್ಲ. ಸೆನ್ಸರ್, ಅದರ ಪ್ಲಗ್, ವೈರು, ಇಸಿಎಂನ ಬಾಯಿ, ಈ ದಾರಿಯಲ್ಲಿ ಎಲ್ಲಿ ಬೇಕಾದರೂ ಇರಬಹುದು.

ಈ ಡಾಂಗಲ್‌ನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಲೈವ್ ಡೇಟಾ. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಅಂಕಿ) ತೋರಿಸುವ ಪುಟ ತೆರೆದಿಟ್ಟುಕೊಂಡು ಸೆಲ್ಫ್ ಹೊಡೆದೆ. ಎಂಜಿನ್ ಗರಗರ ತಿರುಗುತ್ತಿರುವುದು ಕಿವಿಗೆ ಕೇಳುತ್ತಿದೆ, ಫೋನಿನಲ್ಲಿ ಆರ್‌ಪಿಎಂ ಸೊನ್ನೆ. ಅಂದರೆ ಎಂಜಿನ್ ತಿರುಗುತ್ತಿರುವ ಸುದ್ದಿಯೇ ಇಸಿಎಂಗೆ ಮುಟ್ಟುತ್ತಿಲ್ಲ. ಸುದ್ದಿ ಮುಟ್ಟದಿದ್ದರೆ ಸ್ಪಾರ್ಕ್ ಕೊಡುವುದಿಲ್ಲ. (ಇದನ್ನು ನೋಡಲು ಬ್ಯಾಟರಿ ಗಟ್ಟಿಯಿರಬೇಕು. ಸೆಲ್ಫ್ ಹೊಡೆದಾಗ ವೋಲ್ಟೇಜ್ ತೀರಾ ಬಿದ್ದರೆ ಡಾಂಗಲ್ಲೇ ಸಂಪರ್ಕ ಕಡಿದುಕೊಳ್ಳುತ್ತದೆ, ಆಗ ಕಾಣುವ ಸೊನ್ನೆಗೆ ಅರ್ಥವಿಲ್ಲ.)

ಈ ಸ್ಕ್ರೀನ್‌ಶಾಟ್ ತೆಗೆದುಕೊಂಡು ಹುಬ್ಬಳ್ಳಿ ಗೋಕುಲ ರೋಡ್ ಕಡೆಯ ಒಂದು ವೈರಿಂಗ್ ಅಂಗಡಿಗೆ ಹೋದೆ. ಎಲ್ಲರೂ ಅವರನ್ನು ಚಾಚಾ ಅಂತಲೇ ಕರೆಯುತ್ತಾರೆ. ಅಂಗಡಿಯ ಹೆಸರು ಹಾಕಬೇಡಿ ಅಂದಿದ್ದಾರೆ, ಈಗಲೇ ಗದ್ದಲ ತಡೆಯಲಾಗುತ್ತಿಲ್ಲವಂತೆ. ವರ್ಕ್‌ಶಾಪಿನ ಮಾತು ಕೇಳಿ ಅವರು ನಕ್ಕರು.

‘ಇಸಿಎಂ ಸತ್ತಿದ್ರ ಈ ಕೋಡ್ ಕೊಟ್ಟವರು ಯಾರ್ರಿ ಅಕ್ಕಾರ?’

ಇದಕ್ಕಿಂತ ನೇರವಾಗಿ ಯಾರೂ ಹೇಳಲಾರರು. ಫೋನಿಗೆ ಜೋಡಣೆ ಆಗುತ್ತದೆ, ಕೀ ಆನ್ ಮಾಡಿದಾಗ ಚೆಕ್ ಲೈಟ್ ಹತ್ತುತ್ತದೆ, ಕೋಡ್ ಕೊಡುತ್ತದೆ ಅಂದರೆ ಆ ಪೆಟ್ಟಿಗೆಗೆ ಕರೆಂಟು, ಅರ್ಥಿಂಗ್ ಎರಡೂ ಸಿಗುತ್ತಿವೆ, ತಲೆಯೂ ಓಡುತ್ತಿದೆ. ನಿಜವಾಗಿ ಸತ್ತಿದ್ದರೆ ಕೀ ಆನ್‌ನಲ್ಲಿ ಚೆಕ್ ಲೈಟೇ ಬರುವುದಿಲ್ಲ, ಆ್ಯಪ್ ‘ಇಸಿಯು ಸಿಗುತ್ತಿಲ್ಲ’ ಅನ್ನುತ್ತದೆ (ಇಸಿಯು ಅಂದರೂ ಇದೇ ಪೆಟ್ಟಿಗೆ). ಆಗಲೂ ಮೊದಲು ನೋಡಬೇಕಾದ್ದು ಫ್ಯೂಸು, ಮೇನ್ ರಿಲೇ, ಬಾಡಿಗೆ ಬಿಗಿದ ಅರ್ಥ್ ಬೋಲ್ಟು. ಇಸಿಎಂನ ಒಳಗಿನ ಒಂದು ಭಾಗ ಮಾತ್ರ ಕೆಡುವುದೂ ಉಂಟು, ಆದರೆ ಅದು ಕೊನೆಯ ಅನುಮಾನ, ಮೊದಲನೆಯದಲ್ಲ ಅನ್ನುವುದು ಚಾಚಾ ಲೆಕ್ಕ. ಗುಜರಿಯಿಂದ ಹಳೇ ಇಸಿಎಂ ತಂದು ಹಾಕಿದರೂ ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಚಾಲೂ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿ ಕೀ ಹೊಂದಿಸದೆ ಚಾಲೂ ಆಗುವುದಿಲ್ಲ, ಅದು ಬೇರೆ ಖರ್ಚು.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದರು. ನನ್ನ ಗಾಡಿಯಲ್ಲಿ ಇಸಿಎಂ ಇರುವುದು ಬ್ಯಾಟರಿ ಪಕ್ಕ, ಬೆನ್ನಿಗೆ ಏಣುಗಳಿರುವ ಚಪ್ಪಟೆ ಅಲ್ಯುಮಿನಿಯಂ ಪೆಟ್ಟಿಗೆ. ದಪ್ಪ ವೈರಿನ ಕಟ್ಟು ಬಂದು ಸೇರುವ ಪ್ಲಗ್ಗಿಗೆ ಒಂದು ಲಿವರ್ ಇರುತ್ತದೆ, ಅದನ್ನು ತಿರುಗಿಸಿದರೆ ಪ್ಲಗ್ ತಾನೇ ಮೇಲೇಳುತ್ತದೆ, ಎಳೆಯುವ ಹಾಗಿಲ್ಲ. ಅಂಗಡಿಯ ಹುಡುಗ ಮಲ್ಟಿಮೀಟರಿನ ದಪ್ಪ ಮುಳ್ಳನ್ನು ಪಿನ್ ಬಾಯಿಗೆ ತುರುಕಲು ಹೋದಾಗ ಚಾಚಾ ಕೈ ಹಿಡಿದರು: ‘ಬಾಯಿ ಅಗಲ ಆದ್ರ ನಾಳೆ ಅದ ಹೊಸಾ ಕಂಪ್ಲೇಂಟ್ ಆಗ್ತೈತಿ, ಸಣ್ಣ ಪಿನ್ ಹಿಡಿ.’ ಸೆನ್ಸರ್ ಪ್ಲಗ್ಗಿನಿಂದ ಇಸಿಎಂ ಪ್ಲಗ್ಗಿನವರೆಗೆ ಮೂರು ವೈರು. ಒಂದು ಸೆನ್ಸರ್‌ಗೆ ಕರೆಂಟು ಕೊಡುವುದು, ಒಂದು ಅರ್ಥ್, ಇನ್ನೊಂದು ಸಿಗ್ನಲ್. ಮೊದಲೆರಡಕ್ಕೆ ಮೀಟರ್ ಬೀಪ್ ಅಂತು, ಅಂದರೆ ಅವು ಕಡಿದಿಲ್ಲ. ಮೂರನೆಯದಕ್ಕೆ ಒಮ್ಮೆ ಅಂತು, ವೈರಿನ ಕಟ್ಟು ಅಲುಗಿಸಿದರೆ ನಿಂತಿತು. ಗೇರ್‌ಬಾಕ್ಸ್ ಮೇಲೆ ಹಾಯುವ ಕಪ್ಪು ಕೊಳವೆ ಸೀಳಿ ನೋಡಿದರೆ ವೈರಿನ ಮೇಲೆ ಇಲಿಯ ಹಲ್ಲಿನ ಗುರುತು, ಒಳಗಿನ ತಾಮ್ರ ಎರಡೆಳೆ ಮಾತ್ರ ಉಳಿದು ಹಸಿರುಗಟ್ಟಿತ್ತು. ಮಳೆಗೆ ಬೆಚ್ಚಗಿನ ಜಾಗ ಹುಡುಕಿ ಎಂಜಿನ್ ಮೇಲೆ ಕೂರುವ ಇಲಿಗಳ ಕೆಲಸ. ಹಸಿರು ಭಾಗ ಕತ್ತರಿಸಿ ತೆಗೆದು, ಹೊಸ ತುಂಡು ಸೋಲ್ಡರ್ ಮಾಡಿ, ಸ್ಲೀವ್ ಹಾಕಿ ಕಾಯಿಸಿ, ಬಟ್ಟೆ ಟೇಪ್ ಸುತ್ತಿದರು. 400 ರೂಪಾಯಿ. ಕೋಡ್ ಅಳಿಸಿ ಸೆಲ್ಫ್ ಹೊಡೆದಾಗ ಆರ್‌ಪಿಎಂ ಅಂಕಿ ಎದ್ದು ಬಂತು. ಆಮೇಲೆ ಆ ಕೋಡ್ ಮತ್ತೆ ಬಂದಿಲ್ಲ.

ಕೈ ಒರೆಸಿಕೊಳ್ಳುತ್ತ ಚಾಚಾ ಉಳಿದ ಮಾಡ್ಯೂಲ್‌ಗಳನ್ನೂ ತೋರಿಸಿದರು, ನಾನೇ ಕೇಳಿದ್ದಕ್ಕೆ. ಬ್ರೇಕಿನ ಆರು ಕೊಳವೆ ಬಂದು ಸೇರುವ ಲೋಹದ ಗಟ್ಟಿಗೆ ಅಂಟಿಕೊಂಡ ಕಪ್ಪು ಪೆಟ್ಟಿಗೆ, ಬ್ರೇಕ್ ಜೋರಾಗಿ ಒತ್ತಿದಾಗ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್‌ದು. ಎರಡು ಕೊಳವೆ ಮಾಸ್ಟರ್ ಸಿಲಿಂಡರಿನಿಂದ ಬರುತ್ತವೆ, ನಾಲ್ಕು ಗಾಲಿಗಳಿಗೆ ಹೋಗುತ್ತವೆ, ಹಾಗಾಗಿ ಎಂಥವರಿಗೂ ಗುರುತು ಸಿಗುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ಫ್ಯೂಸ್ ಬಾಕ್ಸಿನ ಜತೆ ಇರುವುದು ಬಿಸಿಎಂ, ಅಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್. ಬಾಗಿಲ ಲಾಕು, ಇಂಡಿಕೇಟರು, ವೈಪರು, ರಿಮೋಟು ಎಲ್ಲ ಅದರ ಸುಪರ್ದಿ. ಪವರ್ ಸ್ಟೇರಿಂಗ್‌ದು ಸ್ಟೇರಿಂಗ್ ಕಾಲಂಗೆ ಕಟ್ಟಿದ ಮೋಟರಿನ ಜತೆ. ಏರ್‌ಬ್ಯಾಗ್‌ದು ಗೇರ್ ಲಿವರಿನ ಮುಂದೆ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದು, ಅದರ ಪ್ಲಗ್ ಹಳದಿ. ಹಳದಿ ಕಂಡರೆ ಮೀಟರ್ ಮುಟ್ಟಿಸಬೇಡಿ ಅಂತ ಚಾಚಾ ಎರಡೆರಡು ಸಲ ಹೇಳಿದರು. ಎಲ್ಲ ಗಾಡಿಯಲ್ಲೂ ಇವು ಇದೇ ಜಾಗದಲ್ಲಿ ಇರುವುದಿಲ್ಲ. ಇಸಿಎಂ ಅನ್ನೇ ಕೆಲವು ಕಂಪನಿಗಳು ಗ್ಲೋವ್ ಬಾಕ್ಸ್ ಹಿಂದೆ ಇಡುತ್ತವೆ.

ಇವೆಲ್ಲ ಒಂದಕ್ಕೊಂದು ಮಾತಾಡುವುದು ಹುರಿ ಹಾಕಿದ ಎರಡೇ ವೈರಿನ ಮೇಲೆ. ಅದಕ್ಕೆ ಕ್ಯಾನ್ ಅಂತಾರೆ, ಬಾಷ್ ಕಂಪನಿ 1986ರಲ್ಲಿ ಜಗತ್ತಿಗೆ ತೋರಿಸಿದ್ದು. ಓಬಿಡಿ ಪೋರ್ಟಿನ 6 ಮತ್ತು 14ನೇ ಪಿನ್ ಅದರವು. ಬ್ಯಾಟರಿ ಬಿಚ್ಚಿ ಈ ಎರಡರ ನಡುವೆ ಮೀಟರ್ ಹಿಡಿದರೆ ಹೆಚ್ಚಿನ ಗಾಡಿಗಳಲ್ಲಿ ಸುಮಾರು 60 ಓಮ್ ಬರಬೇಕು, ಯಾಕೆಂದರೆ ಎರಡೂ ತುದಿಯಲ್ಲಿ 120 ಓಮಿನ ರೆಸಿಸ್ಟರ್ ಇದೆ. 120 ಬಂದರೆ ಒಂದು ತುದಿ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಎರಡು ವೈರು ಒಂದಕ್ಕೊಂದು ತಾಗಿವೆ. ಡಾಂಗಲ್ ಹೇಳದ ಈ ವಿಷಯವನ್ನು ಸಾದಾ ಮಲ್ಟಿಮೀಟರ್ ಹೇಳುತ್ತದೆ.

ಈಗ ಡಾಂಗಲ್‌ನ ದೊಡ್ಡ ಕೊರತೆಗೆ ಬರುತ್ತೇನೆ. ಒಮ್ಮೆ ನವನಗರದ ಹತ್ತಿರ ಎಬಿಎಸ್ ಲೈಟು ಹತ್ತಿತು. ಆ್ಯಪ್ ತೆರೆದರೆ ಹಸಿರು ಬಣ್ಣದಲ್ಲಿ ‘ದೋಷವಿಲ್ಲ’. ಲೈಟು ಕಣ್ಣೆದುರೇ ಉರಿಯುತ್ತಿದೆ! ಚಾಚಾಗೆ ಫೋನ್ ಹಚ್ಚಿ ಕೇಳಿದ್ದಕ್ಕೆ ಅವರು ಹೇಳಿದ್ದು: ‘ಓಣ್ಯಾಗ ಐದಾರು ಮನಿ ಅದಾವ್ರಿ. ನಿಮ್ಮ ಡಬ್ಬಿ ಒಂದ ಮನಿ ಬಾಗ್ಲಾ ಬಡದು, ಓಣ್ಯಾಗ ಎಲ್ಲಾರೂ ಆರಾಮ ಅದಾರ ಅಂತೈತಿ.’ ಎಬಿಎಸ್, ಏರ್‌ಬ್ಯಾಗ್, ಬಿಸಿಎಂ ಇವುಗಳ ಕೋಡ್ ಓದಲು ಕಂಪನಿಯ ಸ್ವಂತ ಆಜ್ಞೆಗಳು ಗೊತ್ತಿರುವ ದೊಡ್ಡ ಸ್ಕ್ಯಾನರ್ ಬೇಕು, ಕೆಲವು ಆ್ಯಪ್‌ಗಳು ಕೆಲವು ಗಾಡಿಗಳಿಗೆ ಮಾತ್ರ ಅಷ್ಟಿಷ್ಟು ಓದುತ್ತವೆ. ಚಾಚಾ ಸ್ಕ್ಯಾನರ್ ಹಾಕಿ ನೋಡಿದಾಗ ಹಿಂದಿನ ಎಡಗಾಲಿಯ ಸ್ಪೀಡ್ ಸೆನ್ಸರಿಗೆ ಕೆಸರು ಮೆತ್ತಿತ್ತು, ತೊಳೆದಿದ್ದಕ್ಕೆ ಹೋಯಿತು.

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋಗುವವರು ಇದನ್ನು ಗಮನಿಸಬೇಕು. ಏಜೆಂಟರು ಫೋನಿನಲ್ಲಿ ‘ನೋಡ್ರಿ, ಒಂದೂ ಫಾಲ್ಟ್ ಇಲ್ಲ’ ಅಂತ ತೋರಿಸಿದರೆ ನಂಬಬೇಡಿ. ಐದು ನಿಮಿಷದ ಹಿಂದೆ ಕೋಡ್ ಅಳಿಸಿದ್ದರೂ ಹಾಗೇ ಕಾಣುತ್ತದೆ. ಅದೇ ಆ್ಯಪ್‌ನಲ್ಲಿ ರೆಡಿನೆಸ್ ಮಾನಿಟರ್ ಅಂತ ಒಂದು ಪುಟ ಇದೆ. ಕೋಡ್ ಅಳಿಸಿದರೆ ಅಲ್ಲಿನ ಪರೀಕ್ಷೆಗಳೂ ‘ಅಪೂರ್ಣ’ ಆಗುತ್ತವೆ, ಒಂದಷ್ಟು ಕಿಲೋಮೀಟರ್ ಬೇರೆ ಬೇರೆ ರೀತಿ ಓಡಿಸಿದ ಮೇಲೇ ಪೂರ್ತಿಯಾಗುವುದು. ದಿನಾ ಓಡುವ ಗಾಡಿಯಲ್ಲಿ ಎಲ್ಲವೂ ಅಪೂರ್ಣ ಅಂತ ಬಂದರೆ ಯಾರೋ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಕಾರಣ ಕೇಳಿ.

ಸಣ್ಣಪುಟ್ಟ ದೂರುಗಳು. ಡಾಂಗಲ್ ಹೊರಚಾಚಿ ಮೊಣಕಾಲಿಗೆ ಬಡಿಯುತ್ತದೆ, ಹಾಕಿಕೊಂಡೇ ಓಡಿಸುವುದು ಕಿರಿಕಿರಿ. ಪೋರ್ಟಿನ 16ನೇ ಪಿನ್ನಿಗೆ ಬ್ಯಾಟರಿಯ ಕರೆಂಟು ನೇರ ಬರುವುದರಿಂದ ಕೀ ತೆಗೆದರೂ ಇದು ಎಚ್ಚರವಾಗಿಯೇ ಇರುತ್ತದೆ. ಊರಿಗೆ ಹೋಗಿ ವಾರ ಬಿಟ್ಟು ಬರುವವರು ಕಿತ್ತಿಟ್ಟು ಹೋಗಿ. ಸ್ಟಿಕರ್ ಮೇಲೆ ವರ್ಷನ್ 2.1 ಅಂತ ಇದ್ದರೆ 1.5ಕ್ಕಿಂತ ಹೊಸದು, ಒಳ್ಳೆಯದು ಅಂದುಕೊಳ್ಳಬೇಡಿ. ಈ ಬೆಲೆಯವೆಲ್ಲ ನಕಲಿ ಚಿಪ್ಪಿನವೇ, ಅದರಲ್ಲೂ 2.1ರ ಹಲವಕ್ಕೆ ಕೆಲವು ಆಜ್ಞೆಗಳು ಅರ್ಥವಾಗುವುದಿಲ್ಲ. ನನ್ನದು 1.5. ಆ್ಯಪ್ ಕನ್ನಡದಲ್ಲಿಲ್ಲ. ಕೋಡ್ ಅಳಿಸುವ ಬಟನ್ ತೀರಾ ಕೈಗೆ ಸಿಗುವ ಹಾಗಿದೆ. ಅಳಿಸುವ ಮೊದಲು ಫ್ರೀಜ್ ಫ್ರೇಮ್ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ದೋಷ ಬಂದ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ವೇಗದಲ್ಲಿತ್ತು ಅನ್ನುವುದೆಲ್ಲ ಅಲ್ಲಿರುತ್ತದೆ, ಅಳಿಸಿದರೆ ಅದೂ ಹೋಗುತ್ತದೆ, ಮೆಕ್ಯಾನಿಕ್ ಕತ್ತಲಲ್ಲಿ ಹುಡುಕಬೇಕಾಗುತ್ತದೆ.

ಐಫೋನ್ ಇದ್ದವರು ಈ ಸಾದಾ ಬ್ಲೂಟೂತ್‌ದು ತರಿಸಬೇಡಿ, ಜೋಡಣೆ ಆಗುವುದಿಲ್ಲ. ವೈಫೈದು ಅಥವಾ ಬ್ಲೂಟೂತ್ ಎಲ್‌ಇ ಅಂತ ಇರುವುದು ನೋಡಿ ತರಿಸಿ. ಬಿಎಸ್-6 ಸ್ಕೂಟರ್, ಬೈಕಿನವರೂ ಕೇಳುತ್ತಿರುತ್ತಾರೆ: ಅವುಗಳ ಪ್ಲಗ್ಗೇ ಬೇರೆ, ನಡುವೆ ಹಾಕುವ ಕೇಬಲ್ ಪ್ರತ್ಯೇಕ ಕೊಳ್ಳಬೇಕು, ನಿಮ್ಮ ಗಾಡಿಗೆ ಆರು ಪಿನ್ನಿನದೋ ಬೇರೆಯದೋ ಸೀಟಿನ ಕೆಳಗೆ ನೋಡಿಕೊಂಡು ಆರ್ಡರ್ ಹಾಕಿ.