ಅಮಿಗಾ 500ಕ್ಕೆ ಗೋಟೆಕ್: ನಾಬ್ ಸಿಕ್ಕಿತು, ಟ್ಯಾಬ್ ಹೋಯಿತು

ಹಳೆಯ ಅಮಿಗಾ ಕಂಪ್ಯೂಟರ್‌ಗೆ ಹಾಕುವ ಗೋಟೆಕ್ ಪೆಟ್ಟಿಗೆ ಬಗ್ಗೆ ಬರುವ ವಿಮರ್ಶೆಗಳನ್ನು ಅದನ್ನು ಹಾಕಿದ ವಾರದಲ್ಲೇ ಬರೆದಿರುತ್ತಾರೆ. ಹಾಕಿದೆ, ಗೇಮ್ ಓಡಿತು, ಸೂಪರ್. ನಾನು ಇದನ್ನು ವರ್ಷಗಳಿಂದ ಬಳಸುತ್ತಿದ್ದೇನೆ. ಸೂಪರ್ ಅನ್ನೋದು ನಿಜವೇ. ಆದರೆ ಇದರಲ್ಲಿ ಒಂದು ಕೊರತೆ ಇದೆ, ಅದು ಮೊದಲ ವಾರದಲ್ಲಿ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ನಿಮ್ಮ ಡಿಸ್ಕ್ ಇಮೇಜ್‌ಗಳು, ಅಂದರೆ ಇಡೀ ಫ್ಲಾಪಿಯ ನಕಲು ಇರುವ ಫೈಲ್‌ಗಳು, ಹಾಳಾಗಿರಬಹುದು. ಅದನ್ನು ಹೇಳಲೆಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ಫ್ಲಾಪಿ ಡ್ರೈವ್ ಜಾಗದಲ್ಲಿ ಕೂತು, ಯುಎಸ್‌ಬಿ ಡ್ರೈವ್‌ನಲ್ಲಿರುವ ಇಮೇಜ್ ಫೈಲನ್ನೇ ಫ್ಲಾಪಿ ಅಂತ ಕಂಪ್ಯೂಟರ್‌ಗೆ ತೋರಿಸುವ ಪೆಟ್ಟಿಗೆ ಇದು ಅಂತ ನಿಮಗೆ ಗೊತ್ತೇ ಇದೆ. ಕಸೂತಿ ಯಂತ್ರ, ಕಾರ್ಖಾನೆಯ ಹಳೆಯ ಮೆಷಿನ್ನುಗಳಂಥವಕ್ಕೆ ಮಾಡಿದ ವಸ್ತು. ಅದರ ಜೊತೆ ಬರುವ ಫರ್ಮ್‌ವೇರ್, ಅಂದರೆ ಅದನ್ನು ಒಳಗಿನಿಂದ ನಡೆಸುವ ಸಾಫ್ಟ್‌ವೇರ್, ಅಮಿಗಾದಲ್ಲಿ ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ಅದಕ್ಕೆ ಪಿಸಿ ಫ್ಲಾಪಿಯ ವಿನ್ಯಾಸ ಮಾತ್ರ ಗೊತ್ತು. ಕೀರ್ ಫ್ರೇಸರ್ ಬರೆದು ಎಲ್ಲರಿಗೂ ಉಚಿತವಾಗಿ ಕೊಟ್ಟಿರುವ ಫ್ಲ್ಯಾಶ್‌ಫ್ಲಾಪಿ ಅನ್ನುವ ಬೇರೆ ಫರ್ಮ್‌ವೇರ್ ಹಾಕಿದ ಮೇಲೇ ಇದು ನಮ್ಮ ಕೈಗೆ ಬರುತ್ತದೆ. ನಾನು ಕೆಳಗೆ ಹೊಗಳುವುದರಲ್ಲಿ ಮುಕ್ಕಾಲು ಪಾಲು ಆ ಫರ್ಮ್‌ವೇರ್‌ಗೆ ಸಲ್ಲಬೇಕು.

ಮೊದಲು ಸಂತೋಷದ ಮಾತು. ಮೂರು ಅಂಕಿ ತೋರಿಸುವ ಕೆಂಪು ಡಿಸ್‌ಪ್ಲೇ ಮತ್ತು ಎರಡು ಬಟನ್ ಇರುವ ಸಾದಾ ಗೋಟೆಕ್ ಮಾತ್ರ ತಗೋಬೇಡಿ. 047 ಅಂದರೆ ಯಾವ ಗೇಮ್ ಅಂತ ಚೀಟಿ ಬರೆದಿಟ್ಟುಕೊಂಡು ಎಷ್ಟು ದಿನ ಕಳೆಯುತ್ತೀರಿ? ಪುಟ್ಟ ಓಎಲ್‌ಇಡಿ ಪರದೆ ಮತ್ತು ತಿರುಗಿಸುವ ನಾಬ್ ಇರುವುದನ್ನೇ ತಗೊಳ್ಳಿ, ಇಲ್ಲವೇ ಅವೆರಡನ್ನೂ ಬೆಸುಗೆ ಹಾಕಿ ಸೇರಿಸಿಕೊಳ್ಳಿ. ಆಮೇಲೆ ನೋಡಿ ಮಜಾ.

ನನ್ನ ಸಂಜೆಗಳು ಹೀಗೆ ಶುರುವಾಗುತ್ತವೆ. ಸ್ವಿಚ್ ಹಾಕುತ್ತೇನೆ. ಹಿಂದಿನ ದಿನ ಬಿಟ್ಟ ಡಿಸ್ಕ್‌ನ ಹೆಸರು ಪುಟ್ಟ ಪರದೆಯ ಮೇಲೆ ತಾನಾಗಿ ಬರುತ್ತದೆ. ನಾಬ್ ಒಂದೊಂದೇ ಹಲ್ಲು ಕಟ್ ಕಟ್ ಎಂದು ತಿರುಗುತ್ತದೆ, ಹೆಸರುಗಳು ಸರಿಯುತ್ತವೆ, ಬೇಕಾದದ್ದು ಬಂದಾಗ ಒತ್ತುತ್ತೇನೆ. ಕಂಟ್ರೋಲ್ ಕೀ ಮತ್ತು ಎರಡು ಅಮಿಗಾ ಕೀಗಳನ್ನು ಒಟ್ಟಿಗೆ ಒತ್ತಿದರೆ ರೀಸೆಟ್. ಲೋಡ್ ಆಗುವಾಗ ಪರದೆಯ ಮೇಲೆ ಟ್ರ್ಯಾಕ್ ನಂಬರ್ ಸೊನ್ನೆಯಿಂದ 79ರ ಕಡೆಗೆ ಓಡುತ್ತದೆ. ಅಷ್ಟು ವರ್ಷ ಡ್ರೈವ್‌ನ ಒಳಗೆ ಡಿಸ್ಕ್ ಓದುವ ಹೆಡ್ ಎಲ್ಲಿ ಓಡಾಡುತ್ತಿದೆ ಅಂತ ಬರೀ ಕಿವಿಯಿಂದ ಊಹಿಸುತ್ತಿದ್ದವನಿಗೆ ಅದನ್ನು ಕಣ್ಣಾರೆ ನೋಡುವುದೇ ಒಂದು ಖುಷಿ. ಇದಕ್ಕೆ ಚಿಕ್ಕ ಸ್ಪೀಕರ್ ಸೇರಿಸಿದರೆ ಹೆಡ್ ಸರಿದಾಗಲೆಲ್ಲ ಟಿಕ್ ಅನ್ನುತ್ತದೆ. ದಯವಿಟ್ಟು ಸೇರಿಸಿ. ಸದ್ದಿಲ್ಲದ ಅಮಿಗಾದಲ್ಲಿ ಅದು ಲೋಡ್ ಆಗುತ್ತಿದೆಯೋ ಕೈಕೊಟ್ಟಿದೆಯೋ ತಿಳಿಯುವುದಿಲ್ಲ.

ಮಂಕಿ ಐಲೆಂಡ್ 2 ಗೇಮ್ ಅಮಿಗಾಗೆ ಬಂದದ್ದು 11 ಫ್ಲಾಪಿಗಳಲ್ಲಿ. ಒಂದೇ ಡ್ರೈವ್‌ನಲ್ಲಿ ಅದನ್ನು ಆಡಿದವರಿಗೆ ಆ ಕಷ್ಟ ಗೊತ್ತು, ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದರೂ ಡಿಸ್ಕ್ ಬದಲಿಸು ಅನ್ನುತ್ತದೆ. ಈಗ ಬಲಗೈಯಲ್ಲಿ ಮೌಸ್, ಎಡಗೈ ನಾಬ್ ಮೇಲೆ. ಫೈಲ್‌ಗಳಿಗೆ 01, 02 ಅಂತಲೇ ಹೆಸರಿಡಿ. ಬರೀ 1, 2 ಅಂತ ಇಟ್ಟರೆ 1 ಆದ ಮೇಲೆ 10, 11 ಬಂದು, ಆಮೇಲಷ್ಟೇ 2ರ ಸರದಿ ಬರುತ್ತದೆ.

ಒಂದು ಮಾತು. ಇದು ವೇಗ ಹೆಚ್ಚಿಸುವ ವಸ್ತು ಅಲ್ಲ. ನಿಮಿಷಕ್ಕೆ 300 ಸುತ್ತು ತಿರುಗುವ ಡಿಸ್ಕ್ ಹೇಗೆ ಡೇಟಾ ಕೊಡುತ್ತದೋ ಹಾಗೇ ಇದೂ ಕೊಡುತ್ತದೆ, ಯಾಕೆಂದರೆ ಅಮಿಗಾ ನಿರೀಕ್ಷಿಸುವುದು ಅದನ್ನೇ. ಹಾಗಾಗಿ ಲೋಡ್ ಆಗಲು ಮೊದಲಿನಷ್ಟೇ ಹೊತ್ತು. ನನಗೆ ಇದು ಬೇಸರ ತಂದಿಲ್ಲ. ಬೇಗ ಆಗಬೇಕು ಅನ್ನುವವರು ಹಾರ್ಡ್ ಡಿಸ್ಕ್ ಮತ್ತು ಜಾಸ್ತಿ ರ‍್ಯಾಮ್ ಕೊಡುವ ಎಕ್ಸ್‌ಪಾನ್ಷನ್ ನೋಡಿ, ಅದರ ಖರ್ಚು ಬೇರೆ ಲೆಕ್ಕ. ನನ್ನ ಜೇಬಿಗೆ ಗೋಟೆಕ್ ಸಾಕು.

ಈಗ ಟ್ಯಾಬ್ ವಿಚಾರ.

ಮೂರೂವರೆ ಇಂಚಿನ ಫ್ಲಾಪಿಯ ಮೂಲೆಯಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ಟ್ಯಾಬ್ ಇರುತ್ತಿತ್ತಲ್ವಾ, ಉಗುರಿನಿಂದ ಸರಿಸಿದರೆ ತೂತು ಕಾಣುತ್ತಿತ್ತು. ತೂತು ಕಂಡರೆ ಡ್ರೈವ್ ಆ ಡಿಸ್ಕ್ ಮೇಲೆ ಬರೆಯುವುದಿಲ್ಲ. ಮಾರಾಟಕ್ಕೆ ಬಂದ ಎಷ್ಟೋ ಗೇಮ್ ಡಿಸ್ಕ್‌ಗಳಲ್ಲಿ ಟ್ಯಾಬೇ ಇರುತ್ತಿರಲಿಲ್ಲ, ಬರೀ ತೂತು. ಅಮಿಗಾದವರಿಗೆ ಈ ತೂತು ಪ್ರಾಣರಕ್ಷಕ. ಯಾಕೆಂದರೆ 1987ರಲ್ಲೇ ಬಂದ ಎಸ್‌ಸಿಎ ವೈರಸ್ ಮತ್ತು ಅದರ ಹಿಂದೆ ಬಂದ ಹಲವು, ಡಿಸ್ಕ್‌ನ ಮೊದಲ ಎರಡು ಸೆಕ್ಟರ್‌ಗಳಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ಮೊದಲು ಓದುವ 1024 ಬೈಟ್‌ನ ಬೂಟ್‌ಬ್ಲಾಕ್‌ನಲ್ಲಿ, ವಾಸ ಮಾಡುತ್ತವೆ. ಅಂಥ ಡಿಸ್ಕ್‌ನಿಂದ ಬೂಟ್ ಮಾಡಿದರೆ ವೈರಸ್ ಮೆಮೊರಿಗೆ ಹತ್ತುತ್ತದೆ. ಮೂರು ಕೀ ಒತ್ತಿ ರೀಸೆಟ್ ಮಾಡಿದರೂ ಹೋಗುವುದಿಲ್ಲ. ಎಸ್‌ಸಿಎ ಆ ರೀಸೆಟ್ ಆಗುವುದನ್ನೇ ಕಾಯುತ್ತಿರುತ್ತದೆ. ಡ್ರೈವ್‌ನಲ್ಲಿ ಇರುವ ಹೊಸ ಡಿಸ್ಕ್‌ಗೆ ಆಗಲೇ ತನ್ನನ್ನು ಬರೆದುಕೊಳ್ಳುತ್ತದೆ.

ಮೇಲೆ ನಾನು ಹೇಳಿದ ಸಂಜೆಯ ಕ್ರಮವನ್ನು ಇನ್ನೊಮ್ಮೆ ಓದಿ. ನಾಬ್ ತಿರುಗಿಸು, ಒತ್ತು, ರೀಸೆಟ್ ಮಾಡು. ವೈರಸ್‌ಗೆ ಬೇಕಾದ ದಾರಿ ಸರಿಯಾಗಿ ಅದೇ! ಗೋಟೆಕ್‌ನಲ್ಲಿ ಟ್ಯಾಬ್ ಇಲ್ಲ. ಇಮೇಜ್ ಫೈಲ್ ಸಾಮಾನ್ಯವಾಗಿ ಬರೆಯಲು ತೆರೆದೇ ಇರುತ್ತದೆ. ಹಳೆಯ ಡಿಸ್ಕ್‌ಗಳನ್ನು ಇದ್ದಂತೆ ನಕಲು ಮಾಡಿದ ಇಮೇಜ್‌ಗಳಲ್ಲಿ ಹಳೆಯ ವೈರಸ್ ಕೂಡ ಇದ್ದಂತೆ ಬಂದಿರುತ್ತದೆ. ನನ್ನ ಸಂಗ್ರಹದಲ್ಲಿ ಒಂದು ಫೈಲ್‌ನಿಂದ ಇನ್ನೊಂದಕ್ಕೆ ಹೀಗೇ ಹರಡಿತ್ತು. ಸಾಧಾರಣ ಡಿಸ್ಕ್ ಆದರೆ ಬೂಟ್‌ಬ್ಲಾಕ್ ಮತ್ತೆ ಬರೆದು ಸರಿಮಾಡಬಹುದು. ಆದರೆ ಎಷ್ಟೋ ಗೇಮ್‌ಗಳು ಗೇಮನ್ನು ಮೆಮೊರಿಗೆ ತರುವ ತಮ್ಮ ಸ್ವಂತ ಲೋಡರ್ ಅನ್ನೇ ಆ ಬೂಟ್‌ಬ್ಲಾಕ್‌ನಲ್ಲಿ ಇಟ್ಟಿರುತ್ತವೆ. ಅದರ ಮೇಲೆ ವೈರಸ್ ಬರೆದರೆ ಗೇಮ್ ಏಳುವುದೇ ಇಲ್ಲ. ಇಮೇಜ್ ಕೆಟ್ಟದ್ದಿದೆ ಅಂತ ಜನ ಬೈದು ಎಸೆಯುತ್ತಾರೆ, ಗೋಟೆಕ್ ಮೇಲೆ ಅನುಮಾನ ಪಡುತ್ತಾರೆ, ಕಾರಣ ಮಾತ್ರ ಕಾಣುವುದಿಲ್ಲ.

ಇದು ನನಗೆ ನಿಜವಾಗಲೂ ಸಿಟ್ಟು ತರಿಸುತ್ತದೆ. ಸಾಧನದ ಮೇಲಲ್ಲ, ಇದನ್ನು ಮಾರುವ ಕಿಟ್‌ಗಳ ಮೇಲೆ. ಪರದೆ ಕೊಡುತ್ತಾರೆ, ನಾಬ್ ಕೊಡುತ್ತಾರೆ, ನೂರಾರು ಗೇಮ್ ತುಂಬಿದ ಯುಎಸ್‌ಬಿ ಡ್ರೈವ್ ಕೂಡ ಕೊಡುತ್ತಾರೆ, ಈ ಒಂದು ಎಚ್ಚರಿಕೆ ಕೊಡುವುದಿಲ್ಲ.

ಪರಿಹಾರ ಫರ್ಮ್‌ವೇರ್‌ನಲ್ಲೇ ಇದೆ. ಪಿಸಿಯಲ್ಲಿ ಇಮೇಜ್ ಫೈಲ್‌ನ ಪ್ರಾಪರ್ಟೀಸ್ ತೆರೆದು ರೀಡ್-ಓನ್ಲಿ ಗುರುತು ಹಾಕಿದರೆ ಸಾಕು, ಫ್ಲ್ಯಾಶ್‌ಫ್ಲಾಪಿ ಅದನ್ನು ತೂತು ತೆರೆದ ಡಿಸ್ಕ್‌ನಂತೆಯೇ ನೋಡುತ್ತದೆ. ಎಫ್‌ಎಫ್ ಡಾಟ್ ಸಿಎಫ್‌ಜಿ ಅನ್ನುವ ಅದರ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಒಂದು ಸಾಲು ಬದಲಿಸಿ ಎಲ್ಲ ಇಮೇಜ್‌ಗಳನ್ನೂ ಒಟ್ಟಿಗೆ ರೀಡ್-ಓನ್ಲಿ ಮಾಡಲೂಬಹುದು. ಆದರೆ ಹಾಗೆ ಮಾಡಿದರೆ ಗೇಮ್ ಸೇವ್ ಮಾಡಲು ಆಗುವುದಿಲ್ಲ, ಬಿಡಿಸಿದ ಚಿತ್ರವೂ ಉಳಿಯುವುದಿಲ್ಲ. ಅದಕ್ಕೇ ನಾನು ಗೇಮ್‌ಗಳ ಫೋಲ್ಡರ್ ಪೂರ್ತಿ ರೀಡ್-ಓನ್ಲಿ ಮಾಡಿ, ಸೇವ್ ಡಿಸ್ಕ್‌ಗಳಿಗೆ ಬೇರೆ ಫೋಲ್ಡರ್ ಇಟ್ಟಿದ್ದೇನೆ. ಗೇಮ್ ಬದಲಿಸುವಾಗ ಮೇಲೆ ಹೇಳಿದ ಹಾಗೆ ರೀಸೆಟ್ ಮಾಡುವುದನ್ನು ಈಗ ಬಿಟ್ಟಿದ್ದೇನೆ. ಪವರ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡುತ್ತೇನೆ. ಮೆಮೊರಿಯಲ್ಲಿ ಏನಿದ್ದರೂ ಹೋಗುತ್ತದೆ.

ಈ ವ್ಯವಸ್ಥೆ ಮಾಡಿಕೊಂಡ ಮೇಲೆ ನನಗೆ ಗೋಟೆಕ್ ಮೇಲೆ ಮತ್ತೆ ಪ್ರೀತಿ ಬಂದಿದೆ. ಉಳಿದ ತಕರಾರುಗಳು ಸಣ್ಣವು. ಎ500 ಕೇಸ್‌ನ ಎಜೆಕ್ಟ್ ಬಟನ್ ತೂತಿಗೂ ಯುಎಸ್‌ಬಿ ಸಾಕೆಟ್‌ಗೂ ಹೊಂದುವುದಿಲ್ಲ, ಅದಕ್ಕೆಂದೇ ಮಾಡಿದ ಬ್ರಾಕೆಟ್ ಬೇಕು. ಪರದೆ ಕೂರಿಸಲು ಕೇಸ್ ಕೊರೆಯುವವರಿದ್ದಾರೆ. ದಯವಿಟ್ಟು ಬೇಡ. ಆ ಪ್ಲಾಸ್ಟಿಕ್ ಮತ್ತೆ ಹುಟ್ಟುವುದಿಲ್ಲ. ಪರದೆ ಮತ್ತು ನಾಬ್ ಒಂದು ಚಿಕ್ಕ ಡಬ್ಬಿಯಲ್ಲಿ ಹೊರಗಿದ್ದರೆ ಕೈಗೂ ಹತ್ತಿರ. ಕಾಪಿ ಪ್ರೊಟೆಕ್ಷನ್ ಇರುವ ಮೂಲ ಡಿಸ್ಕ್‌ಗಳು ಮಾಮೂಲಿ ಇಮೇಜ್ ರೂಪವಾದ 880 ಕೆಬಿಯ ಎಡಿಎಫ್ ಫೈಲ್‌ನಲ್ಲಿ ಹಿಡಿಯುವುದಿಲ್ಲ, ಅವುಗಳಿಗೆ ಎಚ್‌ಎಫ್‌ಇ ಅನ್ನುವ ಬೇರೆ ಇಮೇಜ್ ರೂಪ ಬೇಕು. ಕೆಲವು ಯುಎಸ್‌ಬಿ ಡ್ರೈವ್‌ಗಳು ಬರೆಯುವಾಗ ತಡವರಿಸುತ್ತವೆ, ಬೇರೆಯದು ಹಾಕಿ ನೋಡಿ, ಅಷ್ಟೇ.

ಕೇಸ್ ಹೇಗೂ ತೆರೆದಿರುತ್ತೀರಿ, ಅಡಿಯಲ್ಲಿರುವ ಎ501 ಮೆಮೊರಿ ಬೋರ್ಡನ್ನೂ ಹೊರತೆಗೆದು ನೋಡಿ. ಅದರ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಇನ್ನೂ ಅಲ್ಲೇ ಇದ್ದರೆ ಮೊದಲು ಕತ್ತರಿಸಿ ತೆಗೆಯಿರಿ. ಸೋರಿದರೆ ತಾಮ್ರದ ಗೆರೆಗಳನ್ನೇ ತಿನ್ನುತ್ತದೆ.

ತೆಗೆದ ಹಳೆಯ ಡ್ರೈವ್ ಎಸೆಯಬೇಡಿ, ಅದು ಆ ಯಂತ್ರದ ಭಾಗ. ಹಳೆಯ ಫ್ಲಾಪಿಗಳನ್ನಂತೂ ಎಸೆಯಲೇಬೇಡಿ. ಡಿಲಕ್ಸ್ ಪೇಂಟ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ನಾನು ಬಿಡಿಸಿದ ಚಿತ್ರಗಳು ಯಾವ ಸಂಗ್ರಹದಲ್ಲೂ ಸಿಗುವುದಿಲ್ಲ, ಅವು ನನ್ನ ಡಿಸ್ಕ್‌ಗಳಲ್ಲಿ ಮಾತ್ರ ಇವೆ. ಗ್ರೀಸ್‌ವೀಸಲ್ ಅನ್ನುವ ಬೋರ್ಡ್ ಇದೆ, ಅದೂ ಕೀರ್ ಫ್ರೇಸರ್ ಅವರದ್ದೇ ಕೆಲಸ. ಅದಕ್ಕೆ ಮಾಮೂಲಿ ಪಿಸಿ ಫ್ಲಾಪಿ ಡ್ರೈವ್ ಜೋಡಿಸಿ ಅಮಿಗಾ ಡಿಸ್ಕ್‌ಗಳನ್ನು ಇಮೇಜ್ ಮಾಡಿಕೊಳ್ಳಬಹುದು. ಅರ್ಧ ಪೆಟ್ಟಿಗೆ ಮುಗಿಸಿದ್ದೇನೆ. ಉಳಿದವುಗಳಲ್ಲಿ ಬೂಷ್ಟು ಹಿಡಿದವು ಇವೆ, ಹಾಗೇ ಹಾಕಿದರೆ ಹೆಡ್ ಕೊಳೆಯಾಗಿ ಮುಂದಿನ ಡಿಸ್ಕ್ ಗೀರು ಬೀಳುತ್ತದೆ. ಅವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿಸಿ, ಒಂದೊಂದು ಡಿಸ್ಕ್ ಆದ ಮೇಲೂ ಹೆಡ್ ತೊಳೆದು ಓದಿಸಬೇಕು. ಈ ತಿಂಗಳ ಕೆಲಸ ಅದೇ.