ಡಬಲ್ ಸ್ಟ್ರಾಲರ್ ಕೊಳ್ಳುವ ಮುಂಚೆ ಒಮ್ಮೆ ಮಡಚಿ ನೋಡಿ

ಎರಡು ಚಿಕ್ಕ ಮಕ್ಕಳ ಜೊತೆ ಪ್ರಯಾಣ ಹೊರಟವರಿಗೆ ಡಬಲ್ ಸ್ಟ್ರಾಲರ್ ಕೈಕೊಡುವುದು ಅದನ್ನು ಮಡಚಬೇಕಾಗಿ ಬಂದ ಜಾಗಗಳಲ್ಲಿ. ಮಕ್ಕಳು ಕೂತು ಗಾಡಿ ಉರುಳುತ್ತಿರುವಷ್ಟು ಹೊತ್ತು ಎಲ್ಲ ಸೊಗಸಾಗಿಯೇ ಇರುತ್ತದೆ. ಆನ್‌ಲೈನ್ ಫೋಟೊಗಳಲ್ಲಿ ಕಾಣುವುದೂ ಅಷ್ಟೇ.

ಒಂದು ಕುಟುಂಬಕ್ಕೆ ಆದದ್ದು ನೋಡಿ. ತಾಯಿ ಒಬ್ಬರೇ, ಎಂಟು ತಿಂಗಳ ಕೂಸು, ಮೂರು ತುಂಬುತ್ತಿರುವ ಮಗಳು. ಬೆಂಗಳೂರಿನಿಂದ ಹೊರಟು, ನಡುವೆ ಒಂದು ಕಡೆ ವಿಮಾನ ಬದಲಿಸಿ ಅಮೆರಿಕಕ್ಕೆ ಹೋಗಬೇಕು. ಗಾಡಿ ಪಕ್ಕಪಕ್ಕ ಸೀಟಿನದು, 14 ಕೆ.ಜಿ. ತೂಕ, 76 ಸೆಂ.ಮೀ. ಅಗಲ. ಮನೆ ಮುಂದೆ ಬಂದ ಕ್ಯಾಬ್ ಸಿಎನ್‌ಜಿ. ಡಿಕ್ಕಿಯ ಅರ್ಧ ಜಾಗ ಸಿಲಿಂಡರ್‌ಗೇ ಹೋಗಿತ್ತು. ಎರಡು ಸೂಟ್‌ಕೇಸ್ ಇಟ್ಟ ಮೇಲೆ ಸ್ಟ್ರಾಲರ್‌ಗೆ ಜಾಗವೇ ಇಲ್ಲ, ಇನ್ನೊಂದು ಗಾಡಿ ಕರೆಸಬೇಕಾಯಿತು. ಏರ್‌ಪೋರ್ಟ್ ಸೆಕ್ಯುರಿಟಿಯಲ್ಲಿ ಮಕ್ಕಳನ್ನು ಇಳಿಸಿ ಮಡಚಲು ಹೇಳಿದರು. ಕೂಸು ಸೊಂಟದ ಮೇಲೆ, ದೊಡ್ಡವಳು ಓಡುವ ಆತುರದಲ್ಲಿ, ಕೆಳಗಿನ ಬುಟ್ಟಿ ತುಂಬ ಡಯಾಪರ್, ಬಾಟಲಿ. ವಿಮಾನದ ಬಾಗಿಲಲ್ಲಿ ಟ್ಯಾಗ್ ಹಾಕಿ ಕೊಟ್ಟ ಗಾಡಿ ನಡುವಿನ ಊರಲ್ಲಿ ಕೈಗೆ ಸಿಗಲಿಲ್ಲ, ನೇರ ಕೊನೆಯ ನಿಲ್ದಾಣಕ್ಕೆ ಹೋಯಿತು. ಅಲ್ಲಿ ಬೆಲ್ಟ್ ಮೇಲೆ ಬಂದಾಗ ಮುಂದಿನ ಚಕ್ರದ ಪಿನ್ ಬಾಗಿತ್ತು. ದುರದೃಷ್ಟ ಅನ್ನುವಂಥದ್ದು ಇದರಲ್ಲಿ ಕಡಿಮೆ. ಹೆಚ್ಚುಕಡಿಮೆ ಎಲ್ಲವನ್ನೂ ಕೊಳ್ಳುವ ದಿನವೇ ಟೇಪು ಹಿಡಿದು ಲೆಕ್ಕ ಹಾಕಬಹುದಿತ್ತು.

ಮೊದಲು ಮಡಚಿದ ಅಳತೆ. ಉದ್ದ, ಅಗಲ, ಎತ್ತರ ಮೂರನ್ನೂ ಗುಣಿಸಿ ಲೀಟರ್‌ಗೆ ತನ್ನಿ. 80×75×40 ಸೆಂ.ಮೀ. ಅಂದರೆ 240 ಲೀಟರ್. ನಮ್ಮಲ್ಲಿ ಕುಟುಂಬದ ಪ್ರವಾಸಕ್ಕೆ ಹೆಚ್ಚಾಗಿ ಬರುವ ಎರ್ಟಿಗಾದಲ್ಲಿ ಮೂರನೆಯ ಸಾಲಿನಲ್ಲಿ ಜನ ಕೂತರೆ ಹಿಂದೆ ಉಳಿಯುವುದು 209 ಲೀಟರ್. ಸ್ಟ್ರಾಲರ್ ಒಂದೇ ಅದಕ್ಕಿಂತ ದೊಡ್ಡದಾಯಿತು, ಬ್ಯಾಗ್ ಮಾತು ಆಮೇಲೆ. ಕ್ಯಾಬ್ ಬುಕ್ ಮಾಡುವಾಗ ಸಿಎನ್‌ಜಿಯೋ ಅಲ್ಲವೋ ಎಂದು ಫೋನ್ ಮಾಡಿ ಕೇಳಿ, ರೂಫ್ ಕ್ಯಾರಿಯರ್ ಇದೆಯೇ ಅಂತಲೂ ಕೇಳಿ.

ಆಮೇಲೆ ಬಿಚ್ಚಿದ ಅಗಲ. ಇದನ್ನು ಸೀಟಿನ ಹತ್ತಿರ ಅಳೆಯಬೇಡಿ, ಹಿಂದಿನ ಎರಡು ಚಕ್ರಗಳ ಹೊರ ಅಂಚಿನಿಂದ ಅಂಚಿಗೆ ಅಳೆಯಿರಿ. ಅತಿ ಅಗಲದ ಜಾಗ ಸಾಮಾನ್ಯವಾಗಿ ಅದೇ. ಲಿಫ್ಟ್ ಬಾಗಿಲು 80 ಸೆಂ.ಮೀ. ಇದ್ದು ಗಾಡಿ 76 ಇದ್ದರೆ ಒಂದೊಂದು ಬದಿಗೆ ಸಿಗುವುದು 2 ಸೆಂ.ಮೀ.; ಮಗು ಕೈ ಹೊರಗೆ ಚಾಚಿದ್ದರೆ ಬೆರಳು ಚೌಕಟ್ಟಿಗೆ ತಾಗುತ್ತದೆ. ಹಳೆಯ ಅಪಾರ್ಟ್‌ಮೆಂಟ್‌ಗಳ ಲಿಫ್ಟ್ ಬಾಗಿಲು 70 ಸೆಂ.ಮೀ. ಇರುವುದೂ ಉಂಟು, ಅಲ್ಲಿ ಗಾಡಿ ಒಳಗೇ ಹೋಗದು. ಅಮೆರಿಕದಲ್ಲಿರುವ ನೆಂಟರ ಮನೆಗೆ ಹೋದಾಗ ಫ್ಲೋರಿಡಾದ ಡಿಸ್ನಿ ವರ್ಲ್ಡ್ ನೋಡುವ ಯೋಚನೆ ಇದ್ದರೆ ಇನ್ನೊಂದು ಮಾತು: 2019ರ ಮೇ 1ರಿಂದ ಅಲ್ಲಿ 79 ಸೆಂ.ಮೀ.ಗಿಂತ ಅಗಲದ, 132 ಸೆಂ.ಮೀ.ಗಿಂತ ಉದ್ದದ ಸ್ಟ್ರಾಲರ್ ಒಳಗೆ ಬಿಡುವುದಿಲ್ಲ. ನಾಲ್ಕು ಚಕ್ರದ ಡಬ್ಬಿಯಂಥ ವ್ಯಾಗನ್ ಸ್ಟ್ರಾಲರ್ ಅಂತೂ ಯಾವ ಅಳತೆಯದಾದರೂ ಇಲ್ಲ.

ಅಗಲದ ತಾಪತ್ರಯ ಬೇಡವೆಂದು ಹಿಂದುಮುಂದು ಸೀಟಿನ ಗಾಡಿ ತಗೊಳ್ಳುವವರು ಇನ್ನೊಂದು ಗುಂಡಿಗೆ ಬೀಳುತ್ತಾರೆ. ಫುಟ್‌ಪಾತ್ ಅಂಚು ಹತ್ತಿಸಲು ಹಿಡಿಕೆಯನ್ನು ಕೆಳಗೆ ಒತ್ತಿ ಮುಂದಿನ ಚಕ್ರ ಎತ್ತಬೇಕಲ್ಲ, ಆಗ ಗೊತ್ತಾಗುತ್ತದೆ. ಮುಂದೆ ಕೂತ 14 ಕೆ.ಜಿ.ಯ ಮಗು ಹಿಂದಿನ ಅಚ್ಚಿನಿಂದ 60 ಸೆಂ.ಮೀ. ಮುಂದಿದೆ, ನಿಮ್ಮ ಕೈ ಅಚ್ಚಿನಿಂದ 30 ಸೆಂ.ಮೀ. ಹಿಂದಿದೆ ಎಂದಿಟ್ಟುಕೊಳ್ಳಿ. ಆ ಮಗುವೊಂದನ್ನು ಎತ್ತುವುದಕ್ಕೇ 28 ಕೆ.ಜಿ. ಭಾರದಷ್ಟು ಒತ್ತಬೇಕು. ಬೆಂಗಳೂರಿನಲ್ಲಿ ಇಪ್ಪತ್ತು ಹೆಜ್ಜೆಗೊಂದು ಅಂಚು ಎದುರಾಗುತ್ತದೆ. ಸಣ್ಣ ಚಕ್ರ ಕಲ್ಲುಚಪ್ಪಡಿಗಳ ಸಂದಿಯಲ್ಲಿ ಸಿಕ್ಕಿಕೊಳ್ಳುವುದು ಬೇರೆ. ಹಂಪಿಗೆ ಯಾವ ಡಬಲ್ ಗಾಡಿಯನ್ನೂ ಒಯ್ಯಬೇಡಿ, ಆ ನೆಲಕ್ಕೆ ಅದು ಬರುವುದಿಲ್ಲ.

ಹಿಂದಿನ ಸೀಟಿನ ಮಗುವಿಗೆ ಕಾಲು ಚಾಚಲು ಎಷ್ಟು ಜಾಗ ಇದೆ ಎಂಬುದನ್ನು ಮುಂದಿನ ಸೀಟನ್ನು ಪೂರ್ತಿ ಒರಗಿಸಿ ನೋಡಬೇಕು. ಎಷ್ಟೋ ಗಾಡಿಗಳಲ್ಲಿ ಮುಂದಿನವರು ಮಲಗಿದರೆ ಹಿಂದಿನವರ ಮೊಣಕಾಲಿಗೆ ತಾಗುತ್ತದೆ; ಇಬ್ಬರೂ ಒಟ್ಟಿಗೆ ನಿದ್ದೆ ಮಾಡುವ ಆಸೆ ಅಲ್ಲಿಗೇ ಮುಗಿಯಿತು. ಇಂಥ ಗಾಡಿಯಲ್ಲಿ ಮುಂದಿನ ಮಗುವನ್ನು ಇಳಿಸಿದ ಕೂಡಲೇ ಭಾರವೆಲ್ಲ ಹಿಂದಕ್ಕೆ ಬರುತ್ತದೆ. ಹಿಡಿಕೆಗೆ ಬ್ಯಾಗ್ ನೇತುಹಾಕಿದ್ದರೆ ಗಾಡಿ ಕೂಸಿನ ಸಮೇತ ಅಂಗಾತ ಬೀಳುತ್ತದೆ. ಹಿಡಿಕೆಗೆ ಏನನ್ನೂ ನೇತುಹಾಕಬೇಡಿ.

ಪಕ್ಕಪಕ್ಕದ ಗಾಡಿ ಭಾರದ ಮಗು ಇರುವ ಕಡೆಗೆ ಎಳೆಯುತ್ತದೆ. ರಸ್ತೆಯ ಕಡೆಗೆ ಇಳಿಜಾರಿದ್ದರೆ ದೊಡ್ಡ ಮಗು ಎತ್ತರದ ಬದಿಗೆ ಇರಲಿ. ಪ್ರತಿ ಸೀಟಿನ ತೂಕದ ಮಿತಿಯನ್ನು ಬೇರೆಬೇರೆಯಾಗಿ ಓದಿ. ಹಗುರ ಮಾದರಿಗಳಲ್ಲಿ ಅದು ಹೆಚ್ಚಾಗಿ 15 ಕೆ.ಜಿ.; ಮೂರು ವರ್ಷದ ಮಗು ಆಗಲೇ ಅದರ ಹತ್ತಿರ ಬಂದಿರುತ್ತದೆ.

“ಒಂದೇ ಕೈಯಲ್ಲಿ ಮಡಚಬಹುದು” ಎಂದು ಬರೆದಿರುತ್ತಾರೆ. ಅದು ನಿಜವೇ. ಆದರೆ ಬುಟ್ಟಿ ಖಾಲಿ ಇರಬೇಕು, ಎರಡೂ ಹುಡ್ ಹಿಂದಕ್ಕೆ ಸರಿದಿರಬೇಕು, ಸೀಟುಗಳು ನೆಟ್ಟಗಿರಬೇಕು, ಮುಂದಿನ ಚಕ್ರಗಳು ಸರಿಯಾದ ದಿಕ್ಕಿಗೆ ತಿರುಗಿರಬೇಕು. ಇಷ್ಟನ್ನೆಲ್ಲ ಸಿದ್ಧ ಮಾಡಲು ಎರಡು ಕೈ ಬೇಕು. ಅಂಗಡಿಯಲ್ಲಿ ಒಂದು ತೋಳಿನಲ್ಲಿ ಎಂಟು ಕೆ.ಜಿ. ಅಕ್ಕಿ ಚೀಲ ಎತ್ತಿಕೊಂಡು ಮಡಚಲು ನೋಡಿ, ಮಾರುವವರು ನಕ್ಕರೆ ನಗಲಿ. ಒಬ್ಬರೇ ಇದ್ದಾಗ ಕೂಸನ್ನು ಮೊದಲು ಎದೆಯ ಕ್ಯಾರಿಯರ್‌ಗೆ ಹಾಕಿ, ದೊಡ್ಡ ಮಗುವನ್ನು ಗಾಡಿಯಿಂದ ಎರಡು ಹೆಜ್ಜೆ ಆಚೆ ನಿಲ್ಲಿಸಿ ಬ್ಯಾಗಿನ ಪಟ್ಟಿ ಹಿಡಿಸಿ, ಬುಟ್ಟಿ ಖಾಲಿ ಮಾಡಿ, ಆಮೇಲೆ ಮಡಚಿ. ಸೆಕ್ಯುರಿಟಿಯಲ್ಲಿ ಕ್ಯಾರಿಯರ್ ಕೂಡ ಬಿಚ್ಚಿಸುವುದುಂಟು, ಆದ್ದರಿಂದ ಗಾಡಿ ಮಡಚುವ ಕೆಲಸವನ್ನು ಸಾಲಿನ ತುದಿಗೆ ಬರುವ ಮೊದಲೇ ಮುಗಿಸಿಕೊಳ್ಳಿ.

ಎರಡು ಹೆಜ್ಜೆ ದೂರ ಅಂದದ್ದು ಸುಮ್ಮನೆ ಅಲ್ಲ. 2009ರ ನವೆಂಬರ್‌ನಲ್ಲಿ ಮ್ಯಾಕ್ಲಾರೆನ್ ಕಂಪನಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಸ್ಟ್ರಾಲರ್‌ಗಳನ್ನು ರೀಕಾಲ್ ಮಾಡಿತು, ಅಂದರೆ ದೋಷವಿದೆ ಎಂದು ಸರಿಪಡಿಸಲು ಮುಂದಾಯಿತು. ಬಿಚ್ಚುವಾಗ ಪಕ್ಕದ ಹಿಂಜ್‌ಗೆ ಸಿಕ್ಕಿ ಮಕ್ಕಳ ಬೆರಳ ತುದಿ ತುಂಡಾದ 12 ಪ್ರಕರಣಗಳು ಅಲ್ಲಿ ವರದಿಯಾಗಿದ್ದವು. ಆ ಪಟ್ಟಿಯಲ್ಲಿ ಅವರ ಡಬಲ್ ಮಾದರಿಗಳೂ ಇದ್ದವು. ಹಿಂಜ್ ಮುಚ್ಚುವ ಕವರ್‌ಗಳನ್ನು ಪುಕ್ಕಟೆ ಕೊಟ್ಟರು. ಸೆಕೆಂಡ್‌ಹ್ಯಾಂಡ್ ಗಾಡಿ ಕೊಳ್ಳುವವರು ಮಾದರಿಯ ಹೆಸರು, ತಯಾರಾದ ವರ್ಷ ನೋಡಿ ರೀಕಾಲ್ ಪಟ್ಟಿಯಲ್ಲಿ ಹುಡುಕಲೇಬೇಕು.

ವಿಮಾನದಲ್ಲಿ ಡಬಲ್ ಸ್ಟ್ರಾಲರ್ ತಲೆ ಮೇಲಿನ ಕಪಾಟಿಗೆ ಹೋಗುವ ಮಾತೇ ಇಲ್ಲ, ಅದು ಕೆಳಗೇ ಹೋಗಬೇಕು. ಭಾರ ಹೆಚ್ಚಾದರೆ ಕೆಲವು ಕಂಪನಿಗಳು ವಿಮಾನದ ಬಾಗಿಲವರೆಗೂ ಬಿಡದೆ ಚೆಕ್‌ಇನ್ ಕೌಂಟರಲ್ಲೇ ತೆಗೆದುಕೊಳ್ಳುತ್ತವೆ. ಟ್ಯಾಗ್ ಹಾಕಿಸುವಾಗ “ನಡುವಿನ ಊರಲ್ಲಿ ಬಾಗಿಲಿಗೆ ಕೊಡ್ತೀರಾ, ಬೆಲ್ಟ್‌ಗೆ ಕಳಿಸ್ತೀರಾ?” ಎಂದು ನೇರವಾಗಿ ಕೇಳಿ, ಟ್ಯಾಗ್ ಮೇಲೆ ಯಾವ ಊರಿನ ಹೆಸರು ಬಿದ್ದಿದೆ ಎಂದೂ ಓದಿ. ಕೊಡುವ ಮುಂಚೆ ಒತ್ತಿದರೆ ಕಳಚುವ ಮುಂದಿನ ಚಕ್ರಗಳನ್ನು, ಕಪ್ ಹೋಲ್ಡರನ್ನು, ಮಗುವಿನ ಮುಂದಿನ ಅಡ್ಡ ಕಂಬಿಯನ್ನು ತೆಗೆದು ನಿಮ್ಮ ಬ್ಯಾಗಿಗೆ ಹಾಕಿಕೊಳ್ಳಿ. ಮಡಚಿದ ಗಾಡಿಗೆ ಒಂದು ಪಟ್ಟಿ ಬಿಗಿಯಿರಿ, ಎಸೆದಾಗ ಅದರ ಕೊಕ್ಕೆ ತಾನಾಗಿ ಬಿಚ್ಚಿಕೊಂಡು ಗಾಡಿ ಅರ್ಧ ತೆರೆದರೆ ಮುರಿಯುವುದು ಆಗಲೇ. ನಾಲ್ಕೂ ಬದಿಯ ಫೋಟೊ ತೆಗೆಯಿರಿ. ಪೆಟ್ಟಾಗಿದ್ದರೆ ನಿಲ್ದಾಣದಿಂದ ಹೊರಬೀಳುವ ಮೊದಲೇ ಬ್ಯಾಗೇಜ್ ಕೌಂಟರಿನಲ್ಲಿ ಪಿಐಆರ್ (ಸಾಮಾನಿಗೆ ಆದ ಹಾನಿಯನ್ನು ದಾಖಲಿಸುವ ವರದಿ) ಬರೆಸಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಯ ದೂರನ್ನು ಸಾಮಾನು ಕೈಸೇರಿದ 7 ದಿನಗಳೊಳಗೆ ಬರಹದಲ್ಲಿ ಕೊಡಬೇಕು.

ಹಾಗಾದರೆ ಏನು ಕೊಳ್ಳುವುದು? ಒಬ್ಬರೇ ಹೋಗುವುದಾದರೆ, ದೊಡ್ಡದಕ್ಕೆ ಎರಡೂವರೆ ದಾಟಿದ್ದರೆ, ಏಳೆಂಟು ಕೆ.ಜಿ.ಯ ಹಗುರ ಸಿಂಗಲ್ ಸ್ಟ್ರಾಲರ್ ಮತ್ತು ಒಂದು ಕ್ಯಾರಿಯರ್ ಸಾಕು. ದಣಿದ ಮಗು ಗಾಡಿಗೆ, ಇನ್ನೊಂದು ಎದೆಗೆ. ಅವಳಿಗಳಿದ್ದು ಹೋಗುವವರು ಇಬ್ಬರಾದರೆ ಒಂದೇ ಮಾದರಿಯ ಎರಡು ಸಿಂಗಲ್ ಗಾಡಿ ಕೊಂಡು ನಡುವೆ ಜೋಡಿಸುವ ಕನೆಕ್ಟರ್ ಹಾಕುವುದು ಮೇಲು. ಕಿರಿದಾದ ಬಾಗಿಲು ಬಂದಾಗ ಬಿಡಿಸಿ ಆಳಿಗೊಂದು ತಳ್ಳಬಹುದು. ಕನೆಕ್ಟರ್ ಕೊಳ್ಳುವಾಗ ಪೈಪಿನ ದಪ್ಪಕ್ಕೆ ಹೊಂದುತ್ತದೆಯೇ ನೋಡಿ, ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಹಾಕಿ. ಎರಡರಲ್ಲೇ ಬಿಟ್ಟರೆ ತಿರುವಿನಲ್ಲಿ ಗಾಡಿಗಳು ಕತ್ತರಿಯಂತೆ ಹೊರಳುತ್ತವೆ. ಜೋಡಿಸಿದ ಮೇಲೆ ಬ್ರೇಕ್ ಎರಡು ಗಾಡಿಗೂ ಬೇರೆಬೇರೆ ಒತ್ತಬೇಕು.