ಫೈರ್ ಟ್ಯಾಂಕಿನ ಬಿಡಿಭಾಗ: ಕ್ಯಾಟಲಾಗೋ, ಪೂರ್ತಿ ಸೆಟ್ಟೋ, ಪ್ರಮಾಣೀಕರಣ ಪಟ್ಟಿಯೋ?

ಫೈರ್ ಪಂಪಿಗೆ ನೀರು ಕೊಡುವ ಟ್ಯಾಂಕಿಗೆ ಅಗ್ನಿ ಸುರಕ್ಷತಾ ಸಂಹಿತೆಗೆ ಒಪ್ಪುವ ಬಿಡಿಭಾಗ ಬೇಕಾದಾಗ ನಾನು ಬಳಸಿ ನೋಡಿರುವ ದಾರಿಗಳು ಮೂರು: ಮಾರಾಟಗಾರರ ಕ್ಯಾಟಲಾಗ್, ಟ್ಯಾಂಕ್ ತಯಾರಕರು ಕೊಡುವ ಪೂರ್ತಿ ಸೆಟ್, ಪ್ರಮಾಣೀಕರಣ ಸಂಸ್ಥೆಗಳ ಪಟ್ಟಿ. ಯಾವುದನ್ನು ಯಾವ ಕೆಲಸಕ್ಕೆ ನೆಚ್ಚಬಹುದು ಅನ್ನುವುದೇ ಇಲ್ಲಿನ ವಿಷಯ. ಈ ಭಾಗಗಳು ವರ್ಷಗಟ್ಟಲೆ ಸುಮ್ಮನಿದ್ದು, ಬೆಂಕಿ ಬಿದ್ದ ದಿನ ಮೊದಲ ಸಲಕ್ಕೇ ಕೆಲಸ ಮಾಡಬೇಕು. ಹಾಗಾಗಿ ಆಯ್ಕೆಯಲ್ಲಿ ಅವಸರ ಸಲ್ಲದು.

ಕ್ಯಾಟಲಾಗಿನ ಗುಣ ವೇಗ. ಬೆಲೆ, ಸೈಜು, ಸರಬರಾಜಿನ ಅವಧಿ ಎಲ್ಲವೂ ಕೂಡಲೇ ಸಿಗುತ್ತವೆ. ಆದರೆ ಪ್ರಮಾಣದ ವಿಚಾರಕ್ಕೆ ನಾನು ಅದನ್ನು ನಂಬುವುದಿಲ್ಲ. ‘ಎನ್‌ಎಫ್‌ಪಿಎ ಅನುಮೋದಿತ’ ಎಂಬ ಸಾಲು ಕಂಡರೆ ಅಲ್ಲೇ ನಿಲ್ಲಿ. ಎನ್‌ಎಫ್‌ಪಿಎ ಅಗ್ನಿ ಸುರಕ್ಷತೆಯ ನಿಯಮ ಬರೆಯುವ ಅಮೆರಿಕದ ಸಂಸ್ಥೆ; ಟ್ಯಾಂಕಿಗೆ 22, ಫೈರ್ ಪಂಪಿಗೆ 20, ನಂತರದ ತಪಾಸಣೆಗೆ 25 ಎಂಬ ಸಂಹಿತೆಗಳು ಅದರವು. ಯಾವ ವಾಲ್ವನ್ನೂ ಅದು ಪರೀಕ್ಷಿಸಿ ಮುದ್ರೆ ಒತ್ತುವುದಿಲ್ಲ. ಎನ್‌ಎಸ್‌ಎಫ್ 61 ಗುರುತೂ ಹೀಗೇ ದಾರಿ ತಪ್ಪಿಸುತ್ತದೆ. ಅದು ಕುಡಿಯುವ ನೀರಿನ ಸುರಕ್ಷತೆಗೆ ಸಂಬಂಧಿಸಿದ್ದು, ಬೆಂಕಿಗೂ ಅದಕ್ಕೂ ನಂಟಿಲ್ಲ. ಉತ್ಪನ್ನಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಯುಎಲ್ ಸಂಸ್ಥೆಯ ಗುರುತಿನಲ್ಲೂ ಎರಡು ಬಗೆ ಇವೆ. ‘ಲಿಸ್ಟೆಡ್’ ಎಂದರೆ ಆ ವಸ್ತು ತಾನಾಗಿಯೇ ನಿಗದಿತ ಬಳಕೆಗೆ ಪರೀಕ್ಷೆಗೊಂಡಿದೆ. ‘ರೆಕಗ್ನೈಸ್ಡ್ ಕಾಂಪೊನೆಂಟ್’ ಎಂದರೆ ಇನ್ನೊಂದು ಉಪಕರಣದೊಳಗೆ, ಷರತ್ತುಗಳೊಂದಿಗೆ ಬಳಸಲು ಮಾತ್ರ ಒಪ್ಪಿಗೆ. ಮೊದಲನೆಯದರ ಜಾಗಕ್ಕೆ ಎರಡನೆಯದು ಬರಲಾರದು.

ಪೂರ್ತಿ ಸೆಟ್ ತರಿಸುವುದರ ಲಾಭ ಬೇರೆಯೇ. ಟ್ಯಾಂಕಿನ ಹಲವು ಭಾಗಗಳಿಗೆ ಯಾವ ಪಟ್ಟಿಯ ಮುದ್ರೆಯೂ ಮುಖ್ಯವಲ್ಲ, ಅಳತೆಯೇ ಮುಖ್ಯ. ಆಂಟಿ-ವೋರ್ಟೆಕ್ಸ್ ಪ್ಲೇಟ್ ತೆಗೆದುಕೊಳ್ಳಿ: ನೀರು ಸುಳಿಯಾಗಿ ತಿರುಗಿ ಗಾಳಿ ಪಂಪಿಗೆ ಹೋಗದಂತೆ ತಡೆಯುವ ಉಕ್ಕಿನ ಹಲಗೆ ಅದು. ಅದರ ಅಗಲ ಪಂಪಿಗೆ ನೀರೊಯ್ಯುವ ಪೈಪಿನ ವ್ಯಾಸದ ಎರಡರಷ್ಟಾದರೂ ಇರಬೇಕು. ಟ್ಯಾಂಕಿನ ತಳದಿಂದ ವ್ಯಾಸದ ಅರ್ಧದಷ್ಟು ಅಥವಾ 6 ಇಂಚು, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು ಎತ್ತರದಲ್ಲಿ ಕೂರಬೇಕು. ಓವರ್‌ಫ್ಲೋ ಪೈಪ್ 3 ಇಂಚಿಗಿಂತ ಕಿರಿದಾಗಬಾರದು. ಖಾಲಿ ಟ್ಯಾಂಕ್ 8 ಗಂಟೆಯೊಳಗೆ ತುಂಬುವಷ್ಟು ದೊಡ್ಡ ಫಿಲ್ ಲೈನ್ ಬೇಕು. ಈ ಅಳತೆಗಳೆಲ್ಲ ಒಂದಕ್ಕೊಂದು ಹೊಂದಬೇಕಾದ್ದರಿಂದ ಟ್ಯಾಂಕ್ ಕಟ್ಟುವವರೇ ಮಾಡಿಕೊಟ್ಟರೆ ಕೆಲಸ ಚೊಕ್ಕ. ಇದನ್ನೆಲ್ಲ ಬಿಡಿಬಿಡಿಯಾಗಿ ಕೊಂಡು ಸೈಟಿನಲ್ಲಿ ಹೊಂದಿಸಲು ಹೋಗುವುದು ನನಗೆ ಇಷ್ಟವಿಲ್ಲ.

ಅದೇ ಸೆಟ್ಟಿನ ಜತೆ ಬರುವ ವಾಲ್ವ್, ಲೆವೆಲ್ ಸ್ವಿಚ್, ತಾಪಮಾನ ಸ್ವಿಚ್‌ಗಳ ಮಾತು ಬೇರೆ. ಒಬ್ಬ ಸರಬರಾಜುದಾರರು ಕಳಿಸಿದ ಸರ್ಟಿಫಿಕೇಟ್ ಅಸಲಿಯೇ ಆಗಿತ್ತು, ಆದರೆ ಅದು ಅದೇ ಕಂಪನಿಯ ಬೇರೊಂದು ಸೈಜಿನ ವಾಲ್ವಿನದು. ಕಾಗದ ಎಷ್ಟೇ ಚೆನ್ನಾಗಿದ್ದರೂ ಮಾದರಿ ಸಂಖ್ಯೆ, ಸೈಜು, ಒತ್ತಡದ ಮಿತಿ ಮೂರನ್ನೂ ಮೂಲ ಪಟ್ಟಿಯೊಂದಿಗೆ ತಾಳೆ ನೋಡದೆ ಒಪ್ಪಬೇಡಿ.

ಹೀಗೆ ಕೊನೆಗೆ ಬರುವುದು ಪಟ್ಟಿಗಳಿಗೇ. ಇನ್ನೊಂದು ಪ್ರಮಾಣೀಕರಣ ಸಂಸ್ಥೆಯಾದ ಎಫ್‌ಎಂ ಅಪ್ರೂವಲ್ಸ್‌ನ ‘ಅಪ್ರೂವಲ್ ಗೈಡ್’ ನನ್ನ ಮೊದಲ ಆಯ್ಕೆ, ಏಕೆಂದರೆ ಅಲ್ಲಿ ಟ್ಯಾಂಕೇ ಒಂದು ಉತ್ಪನ್ನವಾಗಿ ಸಿಗುತ್ತದೆ. ಉಕ್ಕಿನ ಟ್ಯಾಂಕಿಗೆ ಅವರ 4020 ಎಂಬ ಮಾನದಂಡವೇ ಇದೆ. ಯುಎಲ್‌ನ ‘ಪ್ರಾಡಕ್ಟ್ ಐಕ್ಯೂ’ ಎಂಬ ಆನ್‌ಲೈನ್ ಪಟ್ಟಿ ವಾಲ್ವುಗಳಿಗೂ ಅಲಾರಂ ಸಾಧನಗಳಿಗೂ ತುಂಬ ವಿಸ್ತಾರವಾಗಿದೆ, ಗೇಟ್ ವಾಲ್ವಿಗೆ ಯುಎಲ್ 262, ಚೆಕ್ ವಾಲ್ವಿಗೆ ಯುಎಲ್ 312 ಎಂದು ಮಾನದಂಡ ಗೊತ್ತಿದ್ದರೆ. ಗೊತ್ತಿಲ್ಲದೆ ಬರೀ ಉತ್ಪನ್ನದ ಹೆಸರು ಹಾಕಿದರೆ ಸಂಬಂಧವಿಲ್ಲದ ಫಲಿತಾಂಶಗಳ ರಾಶಿಯೇ ಬೀಳುತ್ತದೆ. ಎಲ್‌ಪಿಸಿಬಿ ಎಂಬ ಬ್ರಿಟಿಷ್ ಪ್ರಮಾಣೀಕರಣ ಸಂಸ್ಥೆಯ ‘ರೆಡ್‌ಬುಕ್’ ಮೂರರಲ್ಲಿ ಓದಲು ಸುಲಭ. ಇಎನ್ 12845 ಎಂಬ ಯುರೋಪಿನ ಸ್ಪ್ರಿಂಕ್ಲರ್ ಮಾನದಂಡದ ಪ್ರಕಾರ ವಿನ್ಯಾಸ ಮಾಡುವವರು ಅಲ್ಲಿಂದಲೇ ಶುರು ಮಾಡಬಹುದು.

ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮುಗಿಯುವುದಿಲ್ಲ. ಲಿಸ್ಟೆಡ್ ಬಟರ್‌ಫ್ಲೈ ವಾಲ್ವ್ ಒಳ್ಳೆಯದೇ. ಆದರೆ ಪಂಪಿನ ಸಕ್ಷನ್ ಫ್ಲಾಂಜಿನಿಂದ (ನೀರು ಒಳಬರುವ ಬಾಯಿಯಿಂದ) 50 ಅಡಿಯೊಳಗೆ ಎನ್‌ಎಫ್‌ಪಿಎ 20 ಒಪ್ಪುವುದು ಲಿಸ್ಟೆಡ್ ಓಎಸ್‌&ವೈ ಗೇಟ್ ವಾಲ್ವನ್ನು (ತೆರೆದಿದೆಯೋ ಮುಚ್ಚಿದೆಯೋ ಎಂಬುದು ಹೊರಗಿನ ತಿರುಪು ಕಡ್ಡಿಯಿಂದಲೇ ಕಾಣುವಂಥದ್ದು) ಮಾತ್ರ. ಅರ್ಧ ತೆರೆದ ಸ್ಥಿತಿಯಲ್ಲಿರಲಿ, ಪೂರ್ತಿ ತೆರೆದಾಗಲೂ ಬಟರ್‌ಫ್ಲೈನ ತಟ್ಟೆ ನೀರಿನ ಹರಿವಿಗೆ ಅಡ್ಡವೇ ಇರುತ್ತದೆ, ಹರಿವು ಕದಡಿದರೆ ಪಂಪ್ ಬಳಲುತ್ತದೆ. ಇದನ್ನು ಯಾವ ಪಟ್ಟಿಯೂ ಹೇಳದು, ಸಂಹಿತೆಯನ್ನೇ ತೆರೆಯಬೇಕು. ತಾಪಮಾನ ಸ್ವಿಚ್‌ನದೂ ಅಷ್ಟೇ: ನೀರು 4.4 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಎಚ್ಚರಿಕೆ ಬರಬೇಕು ಎಂಬುದು ಎನ್‌ಎಫ್‌ಪಿಎ 72 ಎಂಬ ಬೆಂಕಿ ಎಚ್ಚರಿಕೆ ಸಂಹಿತೆಯಲ್ಲಿದೆ, ಸ್ವಿಚ್‌ನ ಡಬ್ಬಿಯ ಮೇಲಲ್ಲ.

ಆದ್ದರಿಂದ ನಾನು ಪ್ಲೇಟ್, ಓವರ್‌ಫ್ಲೋ, ಏಣಿ, ವೆಂಟ್‌ಗಳನ್ನು ಟ್ಯಾಂಕ್ ತಯಾರಕರಿಗೆ ಬಿಡುತ್ತೇನೆ. ವಾಲ್ವ್, ಸ್ವಿಚ್‌ಗಳನ್ನು ಪಟ್ಟಿಯಿಂದ ಆರಿಸಿ, ಬೆಲೆಗೆ ಮಾತ್ರ ಕ್ಯಾಟಲಾಗಿಗೆ ಹೋಗುತ್ತೇನೆ. ಇದಕ್ಕೂ ಮೊದಲು ಕೇಳಿಕೊಳ್ಳಬೇಕಾದ್ದು ಒಂದಿದೆ: ಅನುಮತಿ ಕೊಡುವ ಅಧಿಕಾರಿ ಮತ್ತು ವಿಮಾ ಕಂಪನಿ ಯಾವ ಪಟ್ಟಿಯನ್ನು ಒಪ್ಪುತ್ತಾರೆ ಎಂದು. ವಿಮೆಯವರು ಎಫ್‌ಎಂ ಬೇಕೆಂದರೆ, ಯುಎಲ್ ಗುರುತು ಮಾತ್ರ ಇರುವ ವಾಲ್ವನ್ನು ಬಿಚ್ಚಿ ಬೇರೆ ಹಾಕಬೇಕಾಗುತ್ತದೆ.